ಎಸ್.ಪಿ. ರೋಡಿನಲ್ಲಿ ಸ್ಯಾದ್ವಾದ

"ಅಂಕಲ್, ನನ್ನ ಪ್ರೊಸೆಸರ್‌ಗೆ ಈ ಕಾರ್ಡ್ ಆಗುತ್ತಾ?" ನನ್ನ ಅಂಗಡಿಯಲ್ಲಿ ದಿನಾ ಕೇಳಿಬರುವ ಪ್ರಶ್ನೆ ಇದು. ಕೇಳಿದವರಿಗೆ 'ಆಗುತ್ತೆ' ಅಥವಾ 'ಆಗಲ್ಲ', ಎರಡರಲ್ಲಿ ಒಂದು ಬೇಕು. ನಾನು ಎರಡನ್ನೂ ಹೇಳುವುದಿಲ್ಲ. ಇವನಿಗೆ ವ್ಯಾಪಾರ ಗೊತ್ತಿಲ್ಲ ಎಂದುಕೊಂಡು ಕೆಲವರು ಮೆಟ್ಟಿಲಿಳಿದು ಬೇರೆ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಥಟ್ಟನೆ ಉತ್ತರ ಸಿಗುತ್ತದೆ, ಬಿಲ್ಲೂ ಆಗುತ್ತದೆ. ಆದರೂ ನನ್ನ ಮಾತು ಇಷ್ಟೇ: ಆ ಪ್ರಶ್ನೆಗೆ ಅದು ಇರುವ ರೂಪದಲ್ಲಿ ಉತ್ತರವಿಲ್ಲ. ಉತ್ತರ ಸಿಗದಿರುವುದು ಕಂಪ್ಯೂಟರ್ ವಿದ್ಯೆಯ ಕೊರತೆಯಿಂದಲ್ಲ. ಪ್ರಶ್ನೆ ಸೇರಬೇಕಾದದ್ದು ತರ್ಕಶಾಸ್ತ್ರಕ್ಕೆ, ಅದರಲ್ಲೂ ನಮ್ಮ ಜೈನರ ತರ್ಕಕ್ಕೆ.

ನಾನು ಮೂಡುಬಿದಿರೆಯವನು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರು, ಧವಲಾ ಗ್ರಂಥಗಳ ತಾಳೆಗರಿಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದ ಊರು. ಅಪ್ಪ ಸಂಜೆ ಬೇಗ ಊಟ ಮುಗಿಸಿ ಜಗಲಿಯಲ್ಲಿ ಸ್ವಾಧ್ಯಾಯಕ್ಕೆ ಕೂರುತ್ತಿದ್ದರು. ಸ್ಯಾದ್ವಾದದ, ಅಂದರೆ ಪ್ರತಿ ಮಾತಿಗೂ 'ಒಂದು ದೃಷ್ಟಿಯಿಂದ' ಎಂಬ ಷರತ್ತು ಹಾಕುವ ನಮ್ಮ ತರ್ಕದ, ಸಪ್ತಭಂಗಿ ಎಂಬ ಏಳು ವಾಕ್ಯಗಳನ್ನು ನನಗೆ ಬಾಯಿಪಾಠ ಮಾಡಿಸಿದ್ದು ಅವರೇ. ಅರ್ಥ ಆಗ ತಿಳಿದಿರಲಿಲ್ಲ, ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಅದು ಉಪಯೋಗಕ್ಕೆ ಬಂದದ್ದು ಬೆಂಗಳೂರಿನ ಎಸ್.ಪಿ. ರೋಡಿನ, ಅಂದರೆ ಸಾದರ ಪತ್ರಪ್ಪ ರಸ್ತೆಯ, ಒಂದು ಅಡ್ಡಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿ, ಕ್ಯಾಬಿನೆಟ್‌ಗಳ ಸ್ಕ್ರೂ ಬಿಚ್ಚುತ್ತಾ ಕೂತಾಗ.

ಆಟ ಆಡುವ ಕಂಪ್ಯೂಟರಿನೊಳಗೆ ನಡೆಯುವುದನ್ನು ಮೊದಲು ಹೇಳಿಬಿಡುತ್ತೇನೆ. ಪರದೆಯ ಮೇಲೆ ಓಡುವುದು ಒಂದರ ಹಿಂದೊಂದು ಬರುವ ಚಿತ್ರಗಳು, ಫ್ರೇಮ್‌ಗಳು. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿ ತಾಗಿತು, ಗೋಡೆ ಬಿತ್ತೋ ಇಲ್ಲವೋ ಎಂಬ ಲೆಕ್ಕ ಹಾಕಿ, ಏನೇನು ಬಿಡಿಸಬೇಕು ಎಂಬ ಪಟ್ಟಿ ಕೊಡುವುದು ಪ್ರೊಸೆಸರ್. ಆ ಪಟ್ಟಿಯಂತೆ ಬಣ್ಣ, ನೆರಳು, ಬೆಳಕು ಹಾಕಿ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಇಬ್ಬರಿಗೂ ಒಂದೊಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕಾದರೆ ಬರೀ 6.9. ಇಬ್ಬರಲ್ಲಿ ನಿಧಾನದವನು ಯಾರೋ ಅವನ ವೇಗವೇ ಆಟದ ವೇಗ. ಇನ್ನೊಬ್ಬ ಕಾಯುತ್ತಾನೆ. ಈ ಕಾಯುವಿಕೆಗೆ ನಮ್ಮ ಹುಡುಗರು 'ಬಾಟಲ್‌ನೆಕ್' ಅನ್ನುತ್ತಾರೆ. ಆ ಹೆಸರು ಹೇಳುವಾಗ ಅವರ ಮುಖದಲ್ಲಿ ಮನೆಗೆ ಶನಿ ಹೊಕ್ಕಂಥ ಆತಂಕ.

ಈಗ ನಮ್ಮ ಕಡೆ ತೀರಾ ಸಾಮಾನ್ಯವಾದ ಒಂದು ಯಂತ್ರ ತೆಗೆದುಕೊಳ್ಳೋಣ. 2020ರ ಲಾಕ್‌ಡೌನ್ ಸುಮಾರಿಗೆ ಜೋಡಿಸಿದ್ದು: ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡ್, ಜಿಟಿಎಕ್ಸ್ 1650 ಕಾರ್ಡ್. ಹುಡುಗನಿಗೆ ಈಗ ದೊಡ್ಡ ಕಾರ್ಡ್ ಬೇಕು. ಯಾವುದೋ ಒಂದು ಆಟದಲ್ಲಿ ಆ ಪ್ರೊಸೆಸರ್ ಒಂದು ಫ್ರೇಮಿಗೆ 10 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು ಹಿಡಿಯೋಣ. ಹೊಸ ಕಾರ್ಡ್ 1080ಪಿ ಪರದೆಗೆ 6 ಮಿಲಿಸೆಕೆಂಡಿನಲ್ಲಿ ಚಿತ್ರ ಬಿಡಿಸಿ ಕೈಕಟ್ಟಿ ಕೂರುತ್ತದೆ. ಅಲ್ಲಿಗೆ ಆಟ 100 ಫ್ರೇಮಿನಲ್ಲಿ ನಿಂತಿತು, ತಪ್ಪಿತಸ್ಥ ಪ್ರೊಸೆಸರ್. ಅದೇ ಯಂತ್ರಕ್ಕೆ 4ಕೆ ಪರದೆ ಹಾಕಿ. 20.7 ಲಕ್ಷ ಚುಕ್ಕೆಗಳಿದ್ದಲ್ಲಿ ಈಗ 82.9 ಲಕ್ಷ. ಕಾರ್ಡಿಗೆ ಹೆಚ್ಚುಕಡಿಮೆ 20 ಮಿಲಿಸೆಕೆಂಡ್ ಬೇಕಾಗುತ್ತದೆ. ಪ್ರೊಸೆಸರಿನ ಕೆಲಸ ಮಾತ್ರ ಹೆಚ್ಚಾಗಲಿಲ್ಲ, ಏಕೆಂದರೆ ಶತ್ರು ಎಲ್ಲಿದ್ದಾನೆ ಎಂಬ ಲೆಕ್ಕಕ್ಕೂ ಪರದೆಯ ಚುಕ್ಕೆಗಳಿಗೂ ಸಂಬಂಧವಿಲ್ಲ. ಆಟ 50 ಫ್ರೇಮಿಗೆ ಇಳಿಯಿತು, ಈಗ ತಪ್ಪಿತಸ್ಥ ಕಾರ್ಡ್. ಕ್ಯಾಬಿನೆಟ್ಟಿನೊಳಗೆ ಒಂದು ತಂತಿಯನ್ನೂ ನಾವು ಕದಲಿಸಿಲ್ಲ.

ಹಾಗಾದರೆ ರೈಜೆನ್ 3600 ಆ ಕಾರ್ಡಿಗೆ ಸಾಕೋ ಸಾಲದೋ? ಒಂದು ಅಪೇಕ್ಷೆಯಿಂದ, ಅಂದರೆ ಒಂದು ದೃಷ್ಟಿಯಿಂದ, ಸಾಕು. ಇನ್ನೊಂದು ಅಪೇಕ್ಷೆಯಿಂದ ಸಾಲದು. ಅಪ್ಪ ಬಾಯಿಪಾಠ ಮಾಡಿಸಿದ ಮೊದಲ ಎರಡು ವಾಕ್ಯ ಇವೇ.

ಇಂಥ ಕಡೆ ಎಲ್ಲರೂ ಕುರುಡರು ಆನೆ ಮುಟ್ಟಿದ ಕಥೆ ಹೇಳುತ್ತಾರೆ. ನನಗೆ ಆ ಕಥೆ ಅಷ್ಟು ಹಿಡಿಸುವುದಿಲ್ಲ. ಅದರಲ್ಲಿ ಕಣ್ಣಿದ್ದವನೊಬ್ಬ ದೂರ ನಿಂತು ಪೂರ್ತಿ ಆನೆಯನ್ನು ನೋಡುತ್ತಿರುತ್ತಾನೆ. ಕುರುಡರ ಮಾತು ಅರೆಜ್ಞಾನವಾಗಿ ಕಾಣುವುದು ಅವನಿಂದಾಗಿ. ಎಲ್ಲವನ್ನೂ ಒಟ್ಟಿಗೆ ಕಾಣುವವನು ಕೇವಲಿ, ಶಾಸ್ತ್ರ ಅದನ್ನು ಒಪ್ಪುತ್ತದೆ. ಎಸ್.ಪಿ. ರೋಡಿನಲ್ಲಿ ಕೇವಲಿಗಳಿಲ್ಲ. 1080ಪಿಯಲ್ಲಿ ಪ್ರೊಸೆಸರ್ ಸಾಲದು ಎಂಬುದು ಅರೆಸತ್ಯವಲ್ಲ. ಷರತ್ತು ಹೇಳಿದ ಮೇಲೆ ಅದು ಪೂರ್ತಿ ಸತ್ಯ, ಗಡಿಯಾರ ಹಿಡಿದು ಅಳೆಯಬಹುದಾದ ಸತ್ಯ.

ಆ ಷರತ್ತುಗಳು ಯಾವುವು ಎಂಬುದನ್ನೂ ನಮ್ಮ ಆಚಾರ್ಯರು ಹೇಳಿಟ್ಟಿದ್ದಾರೆ: ದ್ರವ್ಯ, ಕ್ಷೇತ್ರ, ಕಾಲ, ಭಾವ. ಯಾವ ವಸ್ತುವಾದರೂ ತನ್ನ ಈ ನಾಲ್ಕರ ಅಪೇಕ್ಷೆಯಿಂದ ಇದೆ, ಬೇರೊಂದರ ನಾಲ್ಕರ ಅಪೇಕ್ಷೆಯಿಂದ ಇಲ್ಲ. ಗಿರಾಕಿಗಳು ದ್ರವ್ಯದ ವಿಷಯ ಅರೆದು ಕುಡಿದಿರುತ್ತಾರೆ. ಎಷ್ಟು ಕೋರ್, ಎಷ್ಟು ಜಿಬಿ, ಎಷ್ಟು ಗಿಗಾಹರ್ಟ್ಜ್ ಎಂದು ನನಗೇ ಪಾಠ ಮಾಡುತ್ತಾರೆ. ಅವರು ಎಡವುವುದು ಕ್ಷೇತ್ರದಲ್ಲಿ, ಅಂದರೆ ವಸ್ತು ಇರುವ ಜಾಗದಲ್ಲಿ.

2022ರ ಜನವರಿಯಲ್ಲಿ ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಕಾರ್ಡ್ ಬಂತು. ಕಡಿಮೆ ಬೆಲೆಯದು, 4 ಜಿಬಿಯದು, ಅಂದರೆ ಹಳೆಯ ಕಂಪ್ಯೂಟರ್ ಇರುವ ಬಡ ಹುಡುಗರಿಗೆಂದೇ ಬಂದ ಹಾಗಿತ್ತು. ಸಾಮಾನ್ಯವಾಗಿ ಕಾರ್ಡೊಂದು ಬೋರ್ಡಿನೊಂದಿಗೆ ಮಾತಾಡುವುದು ಹದಿನಾರು ದಾರಿಗಳಲ್ಲಿ. ಇದಕ್ಕೆ ಕೊಟ್ಟದ್ದು ನಾಲ್ಕೇ. ಹೊಸ ಬೋರ್ಡಿನಲ್ಲಿ, ಪಿಸಿಐಇ ನಾಲ್ಕನೆಯ ತಲೆಮಾರಿನ ಸ್ಲಾಟಿನಲ್ಲಿ, ಆ ನಾಲ್ಕು ದಾರಿಗಳೇ ಹೇಗೋ ನಿಭಾಯಿಸುತ್ತವೆ. ಮೂರನೆಯ ತಲೆಮಾರಿನ ಸ್ಲಾಟ್ ಇರುವ ಬಿ450ಯಂಥ ಬೋರ್ಡಿನಲ್ಲಿ ಅವುಗಳ ವೇಗ ಅರ್ಧವಾಗುತ್ತದೆ. ಕಾರ್ಡಿನ 4 ಜಿಬಿ ತುಂಬಿ ಹೊರಗಿನ ರ‍್ಯಾಮಿಗೆ ಕೈಚಾಚಬೇಕಾದ ಆಟಗಳಲ್ಲಿ ಅದು ಎಡವುತ್ತದೆ. ಯಾರಿಗಾಗಿ ಬಂದ ಹಾಗಿತ್ತೋ ಅವರ ಮನೆಯಲ್ಲೇ ಆ ಕಾರ್ಡಿಗೆ ಸರಿಯಾದ ಕ್ಷೇತ್ರವಿಲ್ಲ. ಪೆಟ್ಟಿಗೆಯ ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅದು ಬೇರೆ ಬೋರ್ಡಿನ ಮೇಲಿನ ಸತ್ಯ.

ಇನ್ನೂ ಸೋಜಿಗದ್ದು ಇಂಟೆಲ್ ಕಂಪನಿಯ ಆರ್ಕ್ ಬಿ580. 2024ರ ಡಿಸೆಂಬರಿನಲ್ಲಿ ಬಂದದ್ದು, 12 ಜಿಬಿ, ಬೆಲೆಗೆ ಮೀರಿದ ಕಾರ್ಡ್ ಎಂದು ಎಲ್ಲರೂ ಹೊಗಳಿದರು. ಹೊಗಳಿದವರ ಮೇಜಿನ ಮೇಲೆ ಆ ಹೊತ್ತಿನ ಅತಿ ವೇಗದ ಪ್ರೊಸೆಸರ್‌ಗಳಿದ್ದವು. ಅದು ವಾಡಿಕೆ: ಕಾರ್ಡನ್ನು ಅಳೆಯುವಾಗ ಪ್ರೊಸೆಸರ್ ಅಡ್ಡಬರಬಾರದು. ಕೆಲವೇ ವಾರಗಳಲ್ಲಿ ಯಾರೋ ಅದನ್ನು ಹಳೆಯ ರೈಜೆನ್ 5 2600ಕ್ಕೆ ಕಟ್ಟಿ ನೋಡಿದರು. ಕೆಲವು ಆಟಗಳಲ್ಲಿ ಅದು ತನ್ನ ಪ್ರತಿಸ್ಪರ್ಧಿಗಿಂತ ಬಹಳ ಹಿಂದೆ ಬಿತ್ತು. ಕಾರಣ ಅದರ ಡ್ರೈವರ್. ಕಾರ್ಡಿಗೆ ಕೆಲಸ ಹೇಳುವುದಕ್ಕೇ ಅದು ಪ್ರೊಸೆಸರಿನ ಹೆಚ್ಚು ಹೊತ್ತನ್ನು ತಿನ್ನುತ್ತಿತ್ತು. ಈಗ ಹೇಳಿ, ಈ ದೋಷ ಇರುವುದೆಲ್ಲಿ? ಕಾರ್ಡಿನಲ್ಲಿ ಇಲ್ಲ, ಏಕೆಂದರೆ ಹೊಸ ಪ್ರೊಸೆಸರ್ ಜೊತೆ ಅದು ಚೆನ್ನಾಗಿ ಓಡುತ್ತದೆ. ಪ್ರೊಸೆಸರಿನಲ್ಲೂ ಇಲ್ಲ, ಬೇರೆ ಕಾರ್ಡಿನ ಜೊತೆ ಅದು ಅಷ್ಟು ಸೋಲುವುದಿಲ್ಲ. ಎರಡನ್ನೂ ಬಿಡಿಬಿಡಿಯಾಗಿ ಮೇಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೂ ದೋಷ ಕಾಣದು. ಕೂಡಿದಾಗ ಹುಟ್ಟುತ್ತದೆ, ಬೇರ್ಪಡಿಸಿದಾಗ ಇಲ್ಲವಾಗುತ್ತದೆ. ಮನುಷ್ಯರ ವಿಷಯದಲ್ಲೂ ಹೀಗೇ ಅಂತ ಹೇಳಲು ನಾಲಿಗೆ ತುರಿಸುತ್ತಿದೆ, ಬೇಡ.

ಕಾಲದ ಬಗ್ಗೆ ಒಂದೇ ಮಾತು: 2020ರ ವ್ಯಾಲರಂಟ್ ಆಡುವವನಿಗೂ ಸೈಬರ್‌ಪಂಕ್ 2077ಕ್ಕೆ 2023ರಲ್ಲಿ ಸೇರಿದ ಪಾತ್ ಟ್ರೇಸಿಂಗ್ ಹಾಕಿಕೊಂಡು ಆಡುವವನಿಗೂ ಒಂದೇ ಉತ್ತರ ಕೊಡುವವನು ಸುಳ್ಳನಾಗಿರಬೇಕು. ಮೊದಲನೆಯದು ಪ್ರೊಸೆಸರನ್ನು ಹಿಂಡುತ್ತದೆ, ಎರಡನೆಯದು ಕಾರ್ಡನ್ನು.

ಒಮ್ಮೆ ಒಬ್ಬರು ತಂದೆ, ಪಿಯುಸಿ ಮುಗಿಸಿದ ಮಗನ ಜೊತೆ ತುಮಕೂರಿನಿಂದ ಬಂದಿದ್ದರು. ನಾನು ಹೀಗೆ ಒಂದೊಂದೇ ವಿಚಾರಿಸುತ್ತಿದ್ದಾಗ ಅವರಿಗೆ ತಾಳ್ಮೆ ಕೆಟ್ಟಿತು.

"ಏನ್ ಸ್ವಾಮಿ ನೀವು, ಆಗುತ್ತೆ ಅಂತೀರಾ, ಆಗಲ್ಲ ಅಂತೀರಾ. ಏನಾದ್ರೂ ಒಂದು ಹೇಳಿ. ದುಡ್ಡು ಕೊಡೋನು ನಾನು."

ಇದು ಸಣ್ಣ ಆಕ್ಷೇಪವಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, 33ನೆಯ ಸೂತ್ರದ ಭಾಷ್ಯದಲ್ಲಿ, ನಮ್ಮವರ ಮೇಲೆ ಹೊರಿಸಿದ್ದು ಇದನ್ನೇ. ಶೀತ ಉಷ್ಣಗಳು ಒಂದೇ ಕಡೆ ಒಟ್ಟಿಗೆ ಇರಲಾರವು. ಇದೆ, ಇಲ್ಲ ಎಂಬ ವಿರುದ್ಧ ಧರ್ಮಗಳು ಒಂದೇ ವಸ್ತುವಿನಲ್ಲಿ ಹೇಗೆ ನಿಂತಾವು? ಹೀಗೂ ಇರಬಹುದು ಹಾಗೂ ಇರಬಹುದು ಎಂಬ ತಿಳಿವಳಿಕೆ ಸಂಶಯವೇ ಹೊರತು ಜ್ಞಾನವಲ್ಲ. ಇಂಥ ಉಪದೇಶ ನಂಬಿ ಯಾರು ತಾನೇ ಹೆಜ್ಜೆ ಇಟ್ಟಾರು? ಕೊನೆಯ ಪ್ರಶ್ನೆ ನನ್ನಂಥ ಅಂಗಡಿಯವನಿಗೆ ನಿಜಕ್ಕೂ ಚುಚ್ಚುತ್ತದೆ. ಗಿರಾಕಿಗೆ ಒಂದು ಪೆಟ್ಟಿಗೆ ಒಯ್ಯಬೇಕು, ಅಥವಾ ಒಯ್ಯಬಾರದು. ಎರಡನ್ನೂ ಮಾಡಲಾರ.

ಇದಕ್ಕೆ ನಮ್ಮವರ ಉತ್ತರ ಆಕ್ಷೇಪಕ್ಕಿಂತ ಮೊದಲೇ ಸಿದ್ಧವಿತ್ತು ಎಂದು ನನ್ನ ಎಣಿಕೆ. ಸಮಂತಭದ್ರರ ಆಪ್ತಮೀಮಾಂಸೆ, ಅದಕ್ಕೆ ಅಕಲಂಕರ ಅಷ್ಟಶತಿ, ಅದರ ಮೇಲೆ ವಿದ್ಯಾನಂದರ ಅಷ್ಟಸಹಸ್ರಿ, ಈ ಸಾಲು ಹಿಡಿದು ಬಂದವರು ಸಪ್ತಭಂಗಿಯನ್ನು ಸಂಶಯವೆಂದು ಓದುವುದಿಲ್ಲ. ಷರತ್ತು ಹೇಳಿದ ಮೇಲೆ ಬರುವ 'ಇದೆ' ಎಂಬುದು ಇದ್ದೇ ಇದೆ ಎಂಬ ಒತ್ತಿನಿಂದ ಬರುತ್ತದೆ. 1080ಪಿ ಪರದೆ, ವ್ಯಾಲರಂಟ್ ಆಟ, 240 ಹರ್ಟ್ಜ್ ಎಂದಿರಾ? ಪ್ರೊಸೆಸರೇ ಮೊದಲು ಸೋಲುತ್ತದೆ, ಕಾರ್ಡ್ ಬದಲಿಸಿದರೆ ದುಡ್ಡು ದಂಡ. ಇಲ್ಲಿ 'ಬಹುದು' ಇಲ್ಲ. ಸಂಶಯವಿರುವುದು ಷರತ್ತು ಹೇಳದವನ ಮಾತಿನಲ್ಲಿ. ಶಂಕರರ ಶೀತೋಷ್ಣದ ವಾದ ನಿಲ್ಲುವುದು ಎರಡೂ ವಾಕ್ಯಗಳನ್ನು ಷರತ್ತು ಕಿತ್ತು ಪಕ್ಕಪಕ್ಕ ಇಟ್ಟಾಗ ಮಾತ್ರ.

ಹಾಗೆ ಕಿತ್ತು ಇಡುವವರು ಈಗಲೂ ಇದ್ದಾರೆ. ಪ್ರೊಸೆಸರಿನ ಹೆಸರು, ಕಾರ್ಡಿನ ಹೆಸರು ತುಂಬಿದರೆ 'ಬಾಟಲ್‌ನೆಕ್ ಶೇಕಡಾ ಇಷ್ಟು' ಎಂದು ಒಂದೇ ಅಂಕಿ ಉಗುಳುವ ಕ್ಯಾಲ್ಕುಲೇಟರ್‌ಗಳು ಬಂದಿವೆ. ಹುಡುಗರು ಅದನ್ನು ಜಾತಕದ ಹಾಗೆ ಮೊಬೈಲಿನಲ್ಲಿ ಹಿಡಿದು ತರುತ್ತಾರೆ. ಯಾವ ಆಟ, ಯಾವ ಪರದೆ ಎಂಬುದನ್ನೆಲ್ಲ ಕಲಸಿ ಒಂದು ಅಂಕಿ ಮಾಡುವುದೆಂದರೆ 'ಸಾಕು' ಮತ್ತು 'ಸಾಲದು' ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಹೊರಟಂತೆ. ಹಾಗೆ ಒಟ್ಟಿಗೆ ಹೇಳಹೊರಟರೆ ಏನಾಗುತ್ತದೆ ಎಂಬುದಕ್ಕೆ ಸಪ್ತಭಂಗಿಯಲ್ಲಿ ಒಂದು ಸ್ಥಾನವೇ ಇದೆ: ಅವಕ್ತವ್ಯ, ಹೇಳಲಾಗದ್ದು. ಹೇಳಲಾಗದ್ದಕ್ಕೆ ಶೇಕಡಾ ಹಾಕಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದಮಾತ್ರಕ್ಕೆ ಎಲ್ಲದಕ್ಕೂ ಏಳು ವಾಕ್ಯ ಹೇಳುತ್ತಾ ಕೂರುವವನು ನಾನಲ್ಲ. 450 ವ್ಯಾಟ್ ಕುಡಿಯುವ ಆರ್‌ಟಿಎಕ್ಸ್ 4090 ಕಾರ್ಡನ್ನು 450 ವ್ಯಾಟಿನ ಎಸ್‌ಎಂಪಿಎಸ್‌ಗೆ ಸಿಕ್ಕಿಸುತ್ತೇನೆ ಎನ್ನುವವನಿಗೆ 'ಬೇಡ' ಎಂಬುದೇ ಪೂರ್ತಿ ಉತ್ತರ. ಕಾರ್ಡ್ ಕ್ಯಾಬಿನೆಟ್ಟಿಗಿಂತ ಉದ್ದವಿದ್ದರೆ ಅಪೇಕ್ಷೆ ಗಿಪೇಕ್ಷೆ ಏನೂ ಇಲ್ಲ, ಅದು ಹಿಡಿಯುವುದಿಲ್ಲ. ವಸ್ತುವಿಗೆ ಹಲವು ಮುಖ ಎನ್ನುವ ಅನೇಕಾಂತಕ್ಕೂ ಅನೇಕಾಂತವೇ ಅನ್ವಯಿಸುತ್ತದೆ ಎಂದು ಸಮಂತಭದ್ರರೇ ಸ್ವಯಂಭೂಸ್ತೋತ್ರದಲ್ಲಿ ಬಾಗಿಲು ತೆರೆದಿಟ್ಟಿದ್ದಾರೆ. ದೊಡ್ಡವರ ಮಾತು, ನಮ್ಮ ಗಲ್ಲಿಗೂ ಅನುಕೂಲ.

ತುಮಕೂರಿನವರಿಗೆ ನಾನು ಆ ದಿನ ಏನನ್ನೂ ಮಾರಲಿಲ್ಲ. ಹುಡುಗನಿಗೆ ಒಂದು ಪರೀಕ್ಷೆ ಹೇಳಿದೆ. "ನೋಡು ಮರಿ, ಮನೆಗೆ ಹೋಗಿ ನೀನು ದಿನಾ ಆಡೋ ಆಟಾನೇ ಹಾಕು. ಫ್ರೇಮ್ ಎಷ್ಟು ಬರುತ್ತೆ ಬರೆದುಕೋ. ಆಮೇಲೆ ರೆಸಲ್ಯೂಷನ್ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಓಡಾಡು. ಫ್ರೇಮ್ ಜಿಗಿದರೆ ನಿನ್ನ ಕಾರ್ಡ್ ಸಾಲದು. ಇದ್ದಲ್ಲೇ ಇದ್ದರೆ ಪ್ರೊಸೆಸರ್." ಚುಕ್ಕೆ ಕಡಿಮೆಯಾದಾಗ ಹಗುರಾಗುವುದು ಕಾರ್ಡಿನ ಹೊರೆ ಮಾತ್ರ, ಆದ್ದರಿಂದ ಇದು ನಂಬಬಹುದಾದ ಪರೀಕ್ಷೆ. ಕಾಸು ಖರ್ಚಿಲ್ಲದ ಪ್ರತ್ಯಕ್ಷ ಪ್ರಮಾಣ. ಪ್ರೊಸೆಸರಿನ ಒಟ್ಟು ಶೇಕಡಾ ನೋಡಿ ಮೋಸಹೋಗಬೇಡ ಅಂತಲೂ ಹೇಳಿದೆ. ಒಂದು ಕೋರ್ ಉಸಿರುಗಟ್ಟುತ್ತಿದ್ದು ಉಳಿದ ಐದು ನಿದ್ದೆ ಹೊಡೆಯುತ್ತಿದ್ದರೂ ಒಟ್ಟು ಲೆಕ್ಕ ಕಡಿಮೆ ಎಂದೇ ತೋರಿಸಬಹುದು.

ಹುಡುಗ ಫೋನ್ ಮಾಡಿದ. ಫ್ರೇಮ್ ಇದ್ದಲ್ಲೇ ಇತ್ತು. ಅವರು ಮತ್ತೆ ಬಂದಾಗ ಅವನ ಬಿ450 ಬೋರ್ಡಿನ ಬಯಾಸ್ ಹೊಸದು ಮಾಡಿ, ರೈಜೆನ್ 5 3600 ತೆಗೆದು ರೈಜೆನ್ 5 5600 ಹಾಕಿದೆವು. 3600ದಲ್ಲೂ ಆರು ಕೋರ್, ಹನ್ನೆರಡು ಥ್ರೆಡ್, 5600ದಲ್ಲೂ ಅಷ್ಟೇ. ಕ್ಯಾಶೆಯೂ ಎರಡರಲ್ಲೂ 32 ಎಂಬಿ. ಆದರೆ ಹಳೆಯದರಲ್ಲಿ ಅದು 16 ಮತ್ತು 16 ಎಂದು ಎರಡು ಪಾಲಾಗಿತ್ತು, ಹೊಸದರಲ್ಲಿ ಆರೂ ಕೋರ್‌ಗಳಿಗೆ ಕೂಡುಕುಟುಂಬದ ಉಗ್ರಾಣದಂತೆ ಒಂದೇ. ಆಟಗಳಿಗೆ ಅದರಿಂದಲೂ ಬಲ ಬಂತು. ಎಣಿಕೆಯಲ್ಲಿ ದ್ರವ್ಯ ಬದಲಾಗದೆ ಪರ್ಯಾಯ, ಅಂದರೆ ಅದರ ಅವಸ್ಥೆ, ಬದಲಾದದ್ದು. ತಂದೆ ಮೆಟ್ಟಿಲಿಳಿಯುವ ಮುಂಚೆ ಕೇಳಿದರು:

"ಇದೊಂದು ಹಾಕ್ಸಿದ ಮೇಲೆ ಇನ್ನು ಕೇಳಲ್ಲ ತಾನೇ ಇವನು?"

ಅದಕ್ಕೆ ಉತ್ತರ ಕೊಡುವ ಶಾಸ್ತ್ರ ಬೇರೆ.

ಬಾಟಲ್‌ನೆಕ್ ಹೋಗುವುದಿಲ್ಲ. ಜಾಗ ಬದಲಿಸುತ್ತದೆ, ಅಷ್ಟೇ. ಪ್ರೊಸೆಸರ್ ಚುರುಕಾದರೆ ಕಾರ್ಡ್ ನಿಧಾನ ಎನಿಸುತ್ತದೆ. ಕಾರ್ಡ್ ದೊಡ್ಡದಾದರೆ ಪರದೆ ಸಣ್ಣದೆನಿಸುತ್ತದೆ. ಪರದೆ 4ಕೆ ಆದರೆ ಮತ್ತೆ ಕಾರ್ಡ್. ಯಂತ್ರದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ ವೇಗಗೊಳ್ಳದ ಭಾಗವೇ ಕೊನೆಯ ಮಿತಿ ಹಾಕುತ್ತದೆ ಎಂದು ಜೀನ್ ಆಮ್ಡಾಲ್ 1967ರಲ್ಲೇ ವಾದಿಸಿದ್ದರು. ಯಾವುದೂ ಯಾವುದನ್ನೂ ಕಾಯದ ಯಂತ್ರ ಎಂಬುದು ಇಲ್ಲ. ಎಲ್ಲೋ ಒಂದು ಕಡೆ ನಿಧಾನ ಇರಲೇಬೇಕು, ಇಲ್ಲದಿದ್ದರೆ ವೇಗಕ್ಕೆ ಕೊನೆಯೇ ಇರುತ್ತಿರಲಿಲ್ಲ. ಹಾಗಿರುವಾಗ ಸರಿಹೊಂದಿಸುವುದು ಎಂಬ ಕೆಲಸ ಯಂತ್ರದೊಳಗಿನಿಂದ ಮುಗಿಯುವುದಿಲ್ಲ. ಇಷ್ಟು ಸಾಕು ಎಂಬ ಅಂಕಿ ಹೊರಗಿನಿಂದ, ಕೂತು ಆಡುವವನಿಂದ ಬರಬೇಕು.

ನಮ್ಮಲ್ಲಿ ಗೃಹಸ್ಥರಿಗೆ ಹೇಳಿದ ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಇಚ್ಛಾ ಪರಿಮಾಣ ಎಂದೂ ಕರೆಯುತ್ತಾರೆ. ಮುನಿಗಳ ಹಾಗೆ ಎಲ್ಲ ಬಿಡು ಎಂದು ಅದು ಹೇಳುವುದಿಲ್ಲ. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ ಇಷ್ಟಿಷ್ಟು ಎಂದು ನೀನೇ ಮೊದಲು ಗೆರೆ ಎಳೆದುಕೋ ಎನ್ನುತ್ತದೆ. ಗೆರೆ ಎಲ್ಲಿ ಎಂಬುದನ್ನು ಶಾಸ್ತ್ರ ನಿಗದಿ ಮಾಡಿಲ್ಲ. ಹತ್ತು ಎಕರೆ ಎಂದು ಎಳೆದುಕೊಂಡವನೂ ನೂರು ಎಕರೆ ಎಂದು ಎಳೆದುಕೊಂಡವನೂ ವ್ರತಿಗಳೇ. ಗೆರೆಯನ್ನು ಆಸೆ ಹುಟ್ಟಿದ ಮೇಲೆ ಎಳೆಯಬಾರದು, ಮುಂಚೆ ಎಳೆಯಬೇಕು. ಈ ವ್ರತದ ಜಾಣತನ ಇರುವುದೇ ಅಲ್ಲಿ.

ಕಂಪ್ಯೂಟರಿನಲ್ಲಿ ಇದನ್ನು ಮಾಡುವ ಗುಂಡಿ ಆಗಲೇ ಇದೆ. ಎನ್ವಿಡಿಯಾ, ಎಎಂಡಿ ಎರಡರ ಡ್ರೈವರಿನಲ್ಲೂ ಫ್ರೇಮಿಗೆ ಮಿತಿ ಹಾಕಬಹುದು. ಪರದೆ 60 ಹರ್ಟ್ಜಿನದಾದರೆ 60ಕ್ಕೆ ಹಾಕಿ. ಇಬ್ಬರಿಗೂ ಬಿಡುವಾಗುತ್ತದೆ, ಶಾಖ ಇಳಿಯುತ್ತದೆ, ಫ್ಯಾನಿನ ಗಲಾಟೆ ಅಡಗುತ್ತದೆ. ಸ್ಪರ್ಧೆಗೆ ಆಡುವವರು ಒಪ್ಪುವುದಿಲ್ಲ: ಪರದೆ 60 ಇದ್ದರೂ ಒಳಗೆ 200 ಓಡಿದರೆ ಮೌಸಿನ ಸ್ಪಂದನೆ ಬೇಗ ಸಿಗುತ್ತದೆ ಎನ್ನುತ್ತಾರೆ. ಅದು ನಿಜವೂ ಹೌದು. ಹಾಗಾದರೆ ಅವರ ಗೆರೆ 200. ಆಗಲಿ, ಎಳೆದುಕೊಳ್ಳಲಿ. ನನ್ನ ತಕರಾರು ಗೆರೆಯೇ ಇಲ್ಲದವರ ಮೇಲೆ.

ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಇಡುವುದಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿ, ಅಂದರೆ ಮೋಹದಲ್ಲಿ, ಇಡುತ್ತದೆ. ನನ್ನ ಗಿರಾಕಿಗಳಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಒಬ್ಬಾತ ಇದ್ದಾನೆ. ಅವನ ಬಳಿ ನಾನು ಮಾರಿದ್ದರಲ್ಲೇ ದೊಡ್ಡ ಕಾರ್ಡ್ ಇದೆ. ಅದರ ಮಾದರಿ ಸಂಖ್ಯೆ ಕೇಳಿದರೆ ಬಿಲ್ಲು ಹುಡುಕಬೇಕಾಗುತ್ತದೆ ಅವನಿಗೆ. ಇನ್ನೊಬ್ಬ ಹುಡುಗನ ಬಳಿ ಕಾರ್ಡೇ ಇಲ್ಲ, ಪ್ರೊಸೆಸರಿನ ಜೊತೆ ಬಂದ ಗ್ರಾಫಿಕ್ಸಿನಲ್ಲೇ ದಿನ ತಳ್ಳುತ್ತಾನೆ, ಆದರೆ ಪ್ರತಿ ಕಾರ್ಡಿನ ಇಂದಿನ ಬೆಲೆ, ನಿನ್ನೆಯ ಬೆಲೆ ಬಾಯಲ್ಲಿದೆ. ರಾತ್ರಿ ನಿದ್ದೆಗೆಟ್ಟು ಅವನು ನೋಡುವುದು ಅದನ್ನೇ. ಇಬ್ಬರಲ್ಲಿ ಪರಿಗ್ರಹಿ ಯಾರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇಲ್ಲಿ ಏಳು ವಾಕ್ಯ ಬೇಕಾಗಿಲ್ಲ.

ಇಷ್ಟೆಲ್ಲ ಹೇಳುವ ನಾನೇ ಮಾರುವವನು, ಅದನ್ನು ಮರೆತಿಲ್ಲ. ಸಾಕು ಎನ್ನುವವರಿಂದ ನನ್ನ ಬಾಡಿಗೆ ಹುಟ್ಟುವುದಿಲ್ಲ. ಒಮ್ಮೆ ಹೇಳುತ್ತೇನೆ, ಎರಡನೆಯ ಸಲ ಹೇಳುವುದಿಲ್ಲ. ಆಮೇಲೂ ಬೇಕು ಎಂದರೆ ಸರಿಯಾದ ಬೆಲೆಗೆ, ಬಿಲ್ಲಿನ ಸಮೇತ ಕೊಡುತ್ತೇನೆ. ಅವರ ಗೆರೆಯನ್ನು ನಾನು ಎಳೆಯಲು ಬರುವುದಿಲ್ಲ. ತುಮಕೂರಿನ ತಂದೆಗೂ ಅದನ್ನೇ ಹೇಳಿದ್ದು: "ಅದನ್ನ ನನ್ನ ಕೇಳಬೇಡಿ ಸಾರ್, ಅವನನ್ನೇ ಕೇಳಿ."

ಕಾರ್ಡ್ ಕೊಳ್ಳಲು ಹೊರಟವರು ಮನೆಯಲ್ಲೇ ಒಂದು ಚೀಟಿ ಬರೆದುಕೊಂಡು ಬನ್ನಿ. ಪರದೆಯ ಅಳತೆ ಮತ್ತು ಹರ್ಟ್ಜ್, ಬೋರ್ಡಿನ ಹೆಸರು, ಎಸ್‌ಎಂಪಿಎಸ್ ಮೇಲಿನ ವ್ಯಾಟ್, ನಿಜವಾಗಿ ಆಡುವ ಎರಡು ಮೂರು ಆಟ, 720ಪಿ ಪರೀಕ್ಷೆಯಲ್ಲಿ ಬಂದ ಅಂಕಿ. ಕೆಳಗೆ, ಎಷ್ಟು ಫ್ರೇಮ್ ಬಂದರೆ ಸಾಕು ಎಂದು ಬರೆಯಿರಿ. ಆ ಕೊನೆಯ ಸಾಲು ಬರೆಯಲು ಆಗದಿದ್ದರೆ ಈ ತಿಂಗಳು ಬರಬೇಡಿ. ಕಾರ್ಡ್ ಎಲ್ಲಿಗೂ ಹೋಗುವುದಿಲ್ಲ.